ಓಕ್ ಮರದಡಿಯ ವನಭೋಜನ

ಅನ್ನವಿತ್ತ ಭೂಮಿಗೂ ನೆರಳಿತ್ತ ಮರಗಳಿಗೂ ಮೊದಲು ನಮಸ್ಕಾರ. ಒಣನೆಲ್ಲಿಯ ಹುಳಿಗಂಪು ಮೂಗಿಗೆ ತಾಕಿದಾಗಲೆಲ್ಲ ಅಮೆರಿಕದ ಸ್ಕೋಕಿ ಊರಿನ ಆ ಮಧ್ಯಾಹ್ನ ಕಣ್ಣೆದುರು ನಿಲ್ಲುತ್ತದೆ.

ಕಾರ್ತಿಕದಲ್ಲಿ ನೆಲ್ಲಿಮರದಡಿ ಉಣ್ಣುವ ವನಭೋಜನವನ್ನು ಅಜ್ಜಿ ಒಂದು ವರ್ಷವೂ ತಪ್ಪಿಸಿದವರಲ್ಲ. ಅಂದು ಕಾರು ಕೆಟ್ಟಿತ್ತು.

“ಈ ವರ್ಷ ಬಿಡಮ್ಮ. ಇಲ್ಲಿ ನೆಲ್ಲಿಮರಾನೂ ಇಲ್ಲ” ಎಂದರು ಅಪ್ಪ.

“ಬಸ್ಸು ಕೆಟ್ಟಿಲ್ವಲ್ಲೋ!” ಎಂದ ಅಜ್ಜಿ, ಮೊಸರನ್ನದ ಡಬ್ಬಿಯೊಂದಿಗೆ ನನ್ನನ್ನೂ ಹೊರಡಿಸಿದರು.

ಬಸ್ಸು ಕಾಡಿನಂಚಿನಲ್ಲಿ ನಮ್ಮನ್ನು ಇಳಿಸಿತು.

“ಅಜ್ಜಿ, ಇಟ್ಸ್ ಫ್ರೀಜಿಂಗ್!”

“ನಡಿ ಮರಿ, ನಡೆದ್ರೆ ಚಳಿ ಓಡತ್ತೆ.”

ತರಗೆಲೆ ತುಳಿಯುತ್ತ ಒಂದು ಮೈಲಿ ನಡೆದೆವು. ಮುದಿ ಓಕ್ ಮರವೊಂದರ ಒರಟು ಬುಡಕ್ಕೆ ಅಜ್ಜಿ ಅರಿಶಿನ ಹಚ್ಚಿ, ಸೆರಗಿನ ಗಂಟಿನಲ್ಲಿದ್ದ ಒಣನೆಲ್ಲಿಯನ್ನು ಅಲ್ಲಿಟ್ಟು ಕೈಮುಗಿದರು: “ಇವತ್ತಿಗೆ ನೀನೇ ನೆಲ್ಲಿಮರ ಕಣಪ್ಪ.”

ಮೊಸರನ್ನ ಮಂಜುಗಡ್ಡೆಯಂತಿತ್ತು. ನಾನು ಮತ್ತೊಮ್ಮೆ ಕೇಳಿ ಹಾಕಿಸಿಕೊಂಡೆ.

ಅಜ್ಜಿಗೂ, ಬಸ್ಸು ನಡೆಸಿದ ಕೈಗಳಿಗೂ, ನೆಲ್ಲಿಯಾಗಲು ಒಪ್ಪಿದ ಆ ಮರಕ್ಕೂ ಒಳಿತಾಗಲಿ.