ಬಾಣಂತಿ ಮನೆಗೆ ಬಂದ ಕುಂಚಿಗೆ

ನನಗೆ ಮೊಮ್ಮಗಳು ಹುಟ್ಟಿದ ಹಿಗ್ಗು ಎದೆಯಲ್ಲಿ ಹಿಡಿಸದು; ಆದರೂ ಅವಳ ಹೊಸ ಕುಂಚಿಗೆಯ ಗಂಜಿವಾಸನೆಗೆ ನನ್ನ ಚಿಕ್ಕಂದಿನ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಮಹಾರಾಷ್ಟ್ರದ ಇಚಲಕರಂಜಿಯ ನಮ್ಮ ಕನ್ನಡದ ಓಣಿಗೆ ಮಗ್ಗದ ಕೆಲಸಕ್ಕೆಂದು ಮೊದಲ ತೆಲುಗು ಮನೆ ಬಂದಿತ್ತು. ನನ್ನ ತಮ್ಮ ಹುಟ್ಟಿದಾಗ ಆ ಮನೆಯಾಕೆ ತಾನೇ ಹೊಲಿದ ಕೆಂಪು ಕುಂಚಿಗೆ ತಂದಳು.

"ಭಾಳ ಛಂದ ಐತಿ, ಅಲ್ಲೇ ಇಡವಾ," ಎಂದಳು ನನ್ನ ಅಜ್ಜಿ. ಆಕೆ ಹೊರಟದ್ದೇ ತಡ, "ಯಾವ ಊರವರೋ, ಏನ್ ತಿಂತಾರೋ! ಕೂಸಿನ ತಲಿಗೆ ಇದನ್ನ ಕಟ್ಟಬೇಕಂತ!" ಎಂದು ಅದರಿಂದಲೇ ಕಂದೀಲಿನ ಗಾಜು ಒರೆಸತೊಡಗಿದಳು.

ಬಾಣಂತಿಗೆಂದು ತಂದ ಸಬ್ಬಸಿಗೆ ಕೊಡಲು ಮರೆತಿದ್ದ ಆಕೆ ಮರಳಿ ಬಂದು ಅಜ್ಜಿಯ ಕೈಯಲ್ಲಿದ್ದ ಕುಂಚಿಗೆ ನೋಡಿದಳು.

"ಕೂಸಿಗೆ ದೊಡ್ಡದಾತೇನ್ರಿ, ಆಜೀ?"

"ಹೌದವಾ."

"ಕೊಡ್ರಿ, ಸಣ್ಣದ ಮಾಡಿ ತರ್ತೀನಿ."

ಮಸಿ ಮೆತ್ತಿದ ಕುಂಚಿಗೆಯನ್ನು ಮಡಚಿಕೊಂಡು ಹೋದಳು. ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ.