ಬಂದಳಿಕೆ ಹಿಡಿಯದ ಮಾವು

ಪಂಕಜಾಕ್ಷಿ ಗಂಡ ಹರಿನಾಥನ ಹೆಣದ ಬಳಿಯಿಂದ ಎದ್ದು ತೋಟಕ್ಕೆ ಓಡಿ ಬರುವಾಗ ಮಾವಿನ ಮರ ನೆಲಕ್ಕೆ ಬಿದ್ದಾಗಿತ್ತು. ಚಿತೆಗೆಂದು ಅದನ್ನು ಕಡಿದ ಕೆಲಸದಾಳು ಬಟ್ಯ ಕೊಡಲಿ ಹಿಡಿದು ನಿಂತಿದ್ದ.

"ಇದನ್ನೇ ಯಾಕೆ ಕಡಿದದ್ದು ಬಟ್ಯಾ?"

"ಉಳಿದದ್ದಕ್ಕೆಲ್ಲ ಮೈತುಂಬ ಬಂದಳಿಕೆ ಉಂಟಲ್ಲ ಅಮ್ಮ. ಧನಿಗಳಿಗೆ ಒಳ್ಳೆಯ ಮರವೇ ಆಗಲಿ ಅಂತ..."

ಮರದ ರಸ ಹೀರಿ ಬದುಕುವ ಆ ಬಂದಳಿಕೆಗೆ ಸೋಲದ ತಳಿಯೊಂದನ್ನು ಹುಟ್ಟಿಸಬೇಕೆಂದು ಹರಿನಾಥ ೨೦೦೧ರಲ್ಲಿ ಎರಡು ಜಾತಿಯ ಮಾವಿನ ಹೂಗಳನ್ನು ಕೂಡಿಸಿ ನಲವತ್ತು ಸಸಿ ಎಬ್ಬಿಸಿದ್ದ. ವರ್ಷವೂ ಬಂದಳಿಕೆಯ ಅಂಟುಬೀಜಗಳನ್ನು ತಾನೇ ಕೊಂಬೆಗಳಿಗೆ ಮೆತ್ತಿ ಕಾಯುತ್ತಿದ್ದ. ಹದಿನೈದು ವರ್ಷಗಳಲ್ಲಿ ಅದು ಬೇರೂರದೆ ಹೋದದ್ದು ಈ ಒಂದು ಮರದಲ್ಲಿ ಮಾತ್ರ. ಬರುವ ವಾರ ಇದರಿಂದ ಕಸಿ ಕಟ್ಟುವುದೆಂದು ಹೇಳಿದ್ದ.

ಪಂಕಜಾಕ್ಷಿ ಬಿದ್ದ ಮರದ ಪಕ್ಕ ಕೂತು, ಕಸಿಗೆಂದು ಚಿಗುರುಕಡ್ಡಿಗಳನ್ನು ಒಂದೊಂದಾಗಿ ಮುರಿದು, ಮಳೆಗೆ ನೆನೆದ ಸೆರಗಿನಲ್ಲಿ ಸುತ್ತತೊಡಗಿದಳು. ಅಂಗಳದಿಂದ ಯಾರೋ ಕರೆದರು: "ಪಂಕಜಕ್ಕಾ, ಎತ್ತುವ ಹೊತ್ತಾಯ್ತು, ಬನ್ನಿ."

"ಸ್ವಲ್ಪ ನಿಲ್ಲಲಿಕ್ಕೆ ಹೇಳು ಬಟ್ಯಾ. ಈ ಕಡ್ಡಿ ಬಾಡಿದರೆ ಇನ್ನು ಯಾರ ಹತ್ತಿರ ಕೇಳುವುದು?" ಎಂದವಳಿಗೆ ಒಮ್ಮೆಲೇ ಅಳು ಒತ್ತರಿಸಿ ಬಂತು. ಬೆಳಗಿನಿಂದ ಅವಳು ಅತ್ತದ್ದು ಅದೇ ಮೊದಲು.