ಒಂದು ಮೊಳದ ಅಂತರ

ಹೆದ್ದಾರಿಯಲ್ಲಿ ಕಾರುಗಳು ತಾವಾಗಿಯೇ ಓಡತೊಡಗಿದ ಮೇಲೆ ಒಂದಕ್ಕೂ ಇನ್ನೊಂದಕ್ಕೂ ನಡುವೆ ಒಂದು ಮೊಳ ಜಾಗ ಸಾಕೆಂದಾಗಿತ್ತು. ಪ್ರತಿ ಕಾರಿನ ಹಣೆಯಲ್ಲಿದ್ದ ಗಾಜಿನ ಕಣ್ಣು ಎಂಥ ವೇಗದಲ್ಲೂ ಆ ಮೊಳವನ್ನು ಕಾಯುತ್ತಿತ್ತು. ಹಾಗಾಗಿ ಮುಂದೆ ನೋಡುವ ಅಭ್ಯಾಸವೇ ಜನರಿಗೆ ತಪ್ಪಿಹೋಗಿತ್ತು.

ಆಯುಧಪೂಜೆಯ ಮರುದಿನ ಬೆಳಿಗ್ಗೆ ಅತ್ತೆಯ ಜೊತೆ ಚಿತ್ರದುರ್ಗಕ್ಕೆ ಹೊರಟಿದ್ದ ವಾರಿಜಾ ಯಾಕೋ ತಲೆಯೆತ್ತಿದಳು. ಮುಂದಿನ ಕಾರು ಗೇಣು ದೂರದಲ್ಲಿತ್ತು.

“ಅತ್ತೆ, ನಿನ್ನೆ ಪೂಜೇಲಿ ಕಾರಿಗೆ ಏನು ಮಾಡಿದ್ರಿ?”

“ಇನ್ನೇನು ಮಾಡ್ತಾರೆ? ತೊಳೆದು ಅರಿಶಿನ ಕುಂಕುಮ ಇಟ್ಟೆ,” ಎಂದರು ಪುಟ್ಟತಾಯಮ್ಮ, ಹೂ ಕಟ್ಟುತ್ತಲೇ. “ನಮ್ಮನ್ನ ಕಾಯೋದು ಆ ಕಣ್ಣೇ ಅಲ್ವೇನೇ? ಅದಕ್ಕೆ ಒಂಚೂರು ಜಾಸ್ತೀನೇ ಬಳಿದೆ.”

“ಅಂತರ ಒಂದು ಮೊಳ. ನಿಶ್ಚಿಂತೆಯಿಂದಿರಿ,” ಎಂದಿತು ಕಾರು. ಅಷ್ಟರಲ್ಲಿ ಗೇಣು ಇನ್ನೂ ಕಿರಿದಾಗಿತ್ತು.

ಕಾರಿಗೆ ಸ್ಟೀರಿಂಗ್ ಇರಲಿಲ್ಲ, ಕಾಲಿಗೆ ಬ್ರೇಕೂ ಇರಲಿಲ್ಲ. ಆಪತ್ತಿಗೆಂದು ಒಂದು ಕೆಂಪು ಗುಂಡಿ ಮಾತ್ರ ಇತ್ತು. ಅದನ್ನು ಒತ್ತಿದರೆ ಕಾರು ಥಟ್ಟನೆ ನಿಲ್ಲುತ್ತದೆ. ಹಿಂದಿನ ಕಾರಿನ ಕಣ್ಣು ಅದನ್ನು ಕಂಡು ಆ ಕಾರನ್ನೂ ನಿಲ್ಲಿಸುತ್ತದೆ. ವಾರಿಜಾ ಗುಂಡಿಯ ಮೇಲೆ ಬೆರಳಿಟ್ಟು, ಯಾವುದಕ್ಕೂ ಇರಲೆಂದು ಹಿಂದಕ್ಕೆ ತಿರುಗಿದಳು.

ಹಿಂದಿನ ಕಾರಿನ ಹಣೆಯಲ್ಲಿ ಕಣ್ಣು ಕಾಣಲಿಲ್ಲ. ಅಲ್ಲಿ ದಪ್ಪಗೆ ಕುಂಕುಮ ಮೆತ್ತಿತ್ತು, ಅದರ ಮೇಲೊಂದು ಸೇವಂತಿಗೆ ಅಂಟಿತ್ತು. ಅದರ ಹಿಂದಿನ ಕಾರಿನ ಹಣೆಯೂ ಕೆಂಪಗಿತ್ತು.

ವಾರಿಜಾ ಗುಂಡಿಯನ್ನು ಒತ್ತಲೂ ಇಲ್ಲ, ಬೆರಳು ತೆಗೆಯಲೂ ಇಲ್ಲ. ಹಿಂದಿನ ಕಾರಿನಲ್ಲಿ ಕೂತಿದ್ದ ಅಜ್ಜಿ ಅವಳನ್ನು ಕಂಡು ನಕ್ಕು, ಕೈಬೀಸಿದರು.